ಕ್ಯಾಂಪರ್ ಟ್ರೇಲರ್ ಎಳೆಯುವ ಎಸ್‌ಯುವಿ: ಹಿಂಬದಿಯ ಸಸ್ಪೆನ್ಷನ್ ಕುರಿತು ಒಂದು ಮಾಹಿತಿ ಲೇಖನ

ಮೆಲ್ಬರ್ನ್, ಸಿಡ್ನಿ, ಪರ್ತ್ ಮೊದಲಾದ ನಗರಗಳಲ್ಲಿ ನಮ್ಮವರ ಮಕ್ಕಳು ನೆಲೆಸಿರುವುದು ಈಗ ಹೊಸ ಸಂಗತಿಯೇನಲ್ಲ. ಮಕ್ಕಳ ಮನೆಗೆ ಹೋಗಿ ಎರಡು ಮೂರು ತಿಂಗಳು ಇದ್ದು ಬರುವ ಹಿರಿಯರು ಅಲ್ಲಿನ ಒಂದು ರೂಢಿಯನ್ನು ತಪ್ಪದೆ ವರ್ಣಿಸುತ್ತಾರೆ. ದೀರ್ಘ ರಜೆ ಬಂದಿತೆಂದರೆ ಎಸ್‌ಯುವಿಯ ಹಿಂದೆ ಮಡಚುವ ಡೇರೆಯುಳ್ಳ ಪುಟ್ಟ ಟ್ರೇಲರ್ ಒಂದನ್ನು ಜೋಡಿಸಿಕೊಂಡು ಇಡೀ ಕುಟುಂಬ ನೂರಾರು ಮೈಲಿ ದೂರ ಹೊರಟುಬಿಡುತ್ತದೆ. ಅಡುಗೆಯ ಒಲೆ, ನೀರಿನ ತೊಟ್ಟಿ, ಹಾಸಿಗೆ ಎಲ್ಲವೂ ಆ ಟ್ರೇಲರಿನಲ್ಲಿಯೇ ಇರುತ್ತವೆ. ಇದನ್ನೇ ಕ್ಯಾಂಪರ್ ಟ್ರೇಲರ್ ಎನ್ನುವರು. ಹಗುರವಾದವು ಒಂದು ಟನ್ನಿಗೂ ಕಡಿಮೆ ತೂಗುತ್ತವೆ. ಭಾರವಾದವು ಎರಡು ಟನ್ನಿನ ಸಮೀಪಕ್ಕೆ ಬರುತ್ತವೆ.

ಪ್ರವಾಸದ ಸೊಗಸಿನ ಜೊತೆಗೇ ಒಂದು ದೂರೂ ಕೇಳಿಬರುತ್ತದೆ. ಟ್ರೇಲರ್ ಕಟ್ಟಿದ ಕೂಡಲೇ ವಾಹನದ ಹಿಂಭಾಗ ಕುಗ್ಗುತ್ತದೆ, ಮೂತಿ ಮೇಲೇರುತ್ತದೆ, ಸಣ್ಣ ಉಬ್ಬಿಗೂ ಹಿಂದಿನ ಸೀಟು ಎತ್ತಿ ಕುಕ್ಕುತ್ತದೆ, ಸಮತಟ್ಟಾದ ರಸ್ತೆಯಲ್ಲಿಯೂ ದೋಣಿಯಂತೆ ತೊನೆದಾಟ ನಿಲ್ಲುವುದಿಲ್ಲ. ಇದು ಸೊಂಟನೋವಿನ ವಿಷಯ ಮಾತ್ರವಲ್ಲ. ಸ್ಟಿಯರಿಂಗ್, ಬ್ರೇಕ್, ರಾತ್ರಿಯ ದೀಪ ಇವೆಲ್ಲಕ್ಕೂ ಸಂಬಂಧಿಸಿದ ವಿಷಯ. ಇದಕ್ಕೆ ಕಾರಣವೇನು, ಪರಿಹಾರಗಳು ಯಾವುವು, ಯಾವ ಪರಿಹಾರ ಎಷ್ಟು ದೂರ ಬರುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಊರಿಗೆ ಹೊರಡುವಾಗ ಎಂಟು ಜನರನ್ನೂ ಹದಿನೆಂಟು ಗಂಟುಗಳನ್ನೂ ತುಂಬುವ ನಮ್ಮ ಇಲ್ಲಿನ ವಾಹನಗಳಿಗೂ ಇದೇ ಶಾಸ್ತ್ರ ಅನ್ವಯಿಸುವುದರಿಂದ ಆ ಮಾತನ್ನೂ ಕೊನೆಯಲ್ಲಿ ಸೇರಿಸಿದ್ದೇವೆ.

ಭಾಗಗಳ ಪರಿಚಯ

ವಾಹನದ ಒಡಲಿಗೂ ಗಾಲಿಗಳಿಗೂ ನಡುವೆ ಇರುವ ವ್ಯವಸ್ಥೆಯೇ ಸಸ್ಪೆನ್ಷನ್. ಇದರಲ್ಲಿ ಮುಖ್ಯವಾಗಿ ಮೂರು ಅಂಗಗಳು. ಮೊದಲನೆಯದು ಸ್ಪ್ರಿಂಗು, ಭಾರವನ್ನು ಹೊರುವುದು ಇದರ ಕೆಲಸ. ಸುರುಳಿಯಾಕಾರದ್ದನ್ನು ಕಾಯಿಲ್ ಸ್ಪ್ರಿಂಗ್ ಎಂದೂ, ಒಂದರ ಮೇಲೊಂದು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದನ್ನು ಲೀಫ್ ಸ್ಪ್ರಿಂಗ್ ಎಂದೂ ಕರೆಯುತ್ತಾರೆ. ಮುಂಬಯಿ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಕಮಾನಿ ಅಥವಾ ಪಾಟಾ ಎಂಬ ಹೆಸರೇ ಬಳಕೆಯಲ್ಲಿದೆ. ಎರಡನೆಯದು ಶಾಕ್ ಅಬ್ಸಾರ್ಬರ್. ಹೆಸರಿನಿಂದ ಇದೇ ಪೆಟ್ಟನ್ನು ಹೀರುತ್ತದೆಂಬ ಭಾವನೆ ಹುಟ್ಟುವುದು ಸಹಜ. ವಾಸ್ತವವಾಗಿ ಪೆಟ್ಟನ್ನು ತೆಗೆದುಕೊಳ್ಳುವುದು ಸ್ಪ್ರಿಂಗು. ಅದರ ನಂತರ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಒತ್ತಿ ಹರಿಯುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಮೂರನೆಯದು ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಬುಟು. ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ಕಾಯುವುದು ಇದರ ಪಾಲಿನ ಕೆಲಸ. ಹಿಂದಿನ ಸೀಟಿನವರನ್ನು ಎತ್ತಿ ಕುಕ್ಕುವ ಆ ಕಠಿಣ ಪೆಟ್ಟು ಬಹುತೇಕ ಈ ಗುಬುಟಿಗೆ ತಾಗಿದ ಪೆಟ್ಟೇ ಆಗಿರುತ್ತದೆ.

ಎಷ್ಟು ಭಾರ ಹೇರಿದರೆ ಅಷ್ಟೇ ಪ್ರಮಾಣದಲ್ಲಿ ಸ್ಪ್ರಿಂಗು ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದನು. ಮುಂದೆ ಬರುವ ಲೆಕ್ಕಕ್ಕೆಲ್ಲ ಇದೇ ತಳಹದಿ.

ಕೊಂಡಿಯ ಮೇಲಿನ ಭಾರ

ಟ್ರೇಲರಿನ ತೂಕವೆಲ್ಲ ಅದರ ಗಾಲಿಗಳ ಮೇಲೆಯೇ ನಿಲ್ಲುವುದಿಲ್ಲ. ಅದರ ಮೂತಿಯು ವಾಹನದ ಹಿಂದಿರುವ ಕೊಂಡಿಯ ಗುಂಡಿನ ಮೇಲೆ ಕುಳಿತಿರುತ್ತದೆ. ಅಲ್ಲಿ ಕೆಳಮುಖವಾಗಿ ಬೀಳುವ ಭಾರವನ್ನು ಈ ಲೇಖನದಲ್ಲಿ ಕೊಂಡಿಭಾರ ಎಂದು ಕರೆಯೋಣ. ಆಸ್ಟ್ರೇಲಿಯಾದಲ್ಲಿ ಟ್ರೇಲರಿನ ಒಟ್ಟು ತೂಕದ ಸುಮಾರು ನೂರಕ್ಕೆ 10ರಷ್ಟು ಕೊಂಡಿಭಾರವಿರಬೇಕೆಂಬುದು ರೂಢಿಯ ಮಾತು. ಅಮೆರಿಕದಲ್ಲಿ 10ರಿಂದ 15 ಎನ್ನುವರು. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ. ಕೊಂಡಿಭಾರ ತೀರ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಎಡಬಲಕ್ಕೆ ತೂಗಾಡತೊಡಗುವ ಅಪಾಯವಿದೆ. ಆದುದರಿಂದ ಹಿಂಭಾಗ ಕುಗ್ಗುವುದೆಂದು ಟ್ರೇಲರಿನ ಸಾಮಾನನ್ನೆಲ್ಲ ಅದರ ಬಾಲದ ಕಡೆಗೆ ಸರಿಸುವುದು ಪರಿಹಾರವಲ್ಲ. ಅದು ಒಂದು ತೊಂದರೆಯನ್ನು ಬಿಟ್ಟು ಅದಕ್ಕಿಂತ ದೊಡ್ಡ ತೊಂದರೆಯನ್ನು ತಂದುಕೊಂಡಂತೆ.

ಈಗ ಒಂದು ಲೆಕ್ಕ ನೋಡೋಣ. ಟ್ರೇಲರ್ 1,500 ಕಿ.ಗ್ರಾಂ. ತೂಗುತ್ತದೆ, ಕೊಂಡಿಭಾರ 150 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ವಾಹನದ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.8 ಮೀಟರ್ ಅಂತರ; ಹಿಂದಿನ ಅಚ್ಚಿನಿಂದ ಕೊಂಡಿಗೆ 1.2 ಮೀಟರ್. ಕೊಂಡಿಯು ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ವಾಹನವು ಏತದಂತೆ, ಮಕ್ಕಳ ಏರುಪೇರು ಹಲಗೆಯಂತೆ ವರ್ತಿಸುತ್ತದೆ. 150 ಕಿ.ಗ್ರಾಂ. ಅನ್ನು 4.0ರಿಂದ ಗುಣಿಸಿ 2.8ರಿಂದ ಭಾಗಿಸಿದರೆ ಹಿಂದಿನ ಅಚ್ಚಿನ ಮೇಲೆ ಬೀಳುವ ಹೆಚ್ಚುವರಿ ಭಾರ ದೊರೆಯುತ್ತದೆ: ಸುಮಾರು 214 ಕಿ.ಗ್ರಾಂ. ಕೊಂಡಿಯ ಮೇಲೆ ಇಟ್ಟದ್ದು 150 ಮಾತ್ರ. ಉಳಿದ 64 ಎಲ್ಲಿಂದ ಬಂದಿತು? ಮುಂದಿನ ಗಾಲಿಗಳಿಂದ ಬಂದಿತು. ಅಂದರೆ ಮುಂದಿನ ಗಾಲಿಗಳು 64 ಕಿ.ಗ್ರಾಂ. ಹಗುರವಾದವು.

ಈ 64 ಕಿಲೋ ಗ್ರಾಂ ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ವಾಹನವನ್ನು ತಿರುಗಿಸುವುದು ಮುಂದಿನ ಗಾಲಿಗಳು. ಬ್ರೇಕ್ ಹಾಕಿದಾಗ ಹೆಚ್ಚಿನ ಪಾಲು ಕೆಲಸ ಮಾಡುವುದೂ ಅವೇ. ಹಿಂಭಾಗ ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಮುಂಭಾಗ ಹಗುರವಾಗುವುದು ಕಾಣುವುದಿಲ್ಲ. ಕಾಣುವುದನ್ನು ಸರಿಪಡಿಸಿ ಕಾಣದ್ದನ್ನು ಹಾಗೆಯೇ ಬಿಡುವುದೇ ಈ ವಿಷಯದಲ್ಲಿ ಅತಿ ಸಾಮಾನ್ಯವಾದ ಲೋಪ.

ಮೊದಲು ತೂಕದ ಖಾತೆ

ಜಮಾ ಖರ್ಚು ನೋಡುವುದೇ ವೃತ್ತಿಯಾಗಿರುವ ನಮಗೆ ಯಾವ ಸುಧಾರಣೆಗೂ ಮೊದಲು ತೂಕದ ಖಾತೆ ಬರೆಯುವುದು ಯೋಗ್ಯವೆನಿಸುತ್ತದೆ. ಪ್ರತಿಯೊಂದು ವಾಹನಕ್ಕೂ ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕವೊಂದಿರುತ್ತದೆ. ಅದರಲ್ಲಿ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿದದ್ದು ನಾವು ಖರ್ಚು ಮಾಡಬಹುದಾದ ಮೊತ್ತ. ಉದಾಹರಣೆಗೆ ಗರಿಷ್ಠ 2,950, ಖಾಲಿ 2,300 ಎಂದಾದರೆ ಉಳಿಯುವುದು 650 ಕಿ.ಗ್ರಾಂ. ಐದು ಜನ ದೊಡ್ಡವರು 350. ಫ್ರಿಜ್, ಎರಡನೆಯ ಬ್ಯಾಟರಿ, ಉಪಕರಣಗಳು 90. ಮಾಳಿಗೆಯ ಮೇಲಿನ ಕ್ಯಾರಿಯರ್ ಮತ್ತು ಅದರ ಸಾಮಾನು 60. ನೀರು, ತಿನಿಸು 40. ಒಟ್ಟು 540. ಇಲ್ಲಿಯವರೆಗೆ ಖಾತೆ ಸರಿಯಾಗಿದೆ. ಆದರೆ ಕೊಂಡಿಭಾರ 150 ಕೂಡ ಇದೇ ಖಾತೆಗೆ ಬೀಳುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಅದನ್ನು ಸೇರಿಸಿದರೆ 690. ಮಿತಿಗಿಂತ 40 ಕಿ.ಗ್ರಾಂ. ಹೆಚ್ಚು.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚಿನ ಮಿತಿ ಮೀರಿರಬಹುದು. ಆದುದರಿಂದ ಧರ್ಮಕಾಂಟಾದಲ್ಲಿ, ಎಂದರೆ ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ, ಮೊದಲು ಮುಂದಿನ ಗಾಲಿಗಳನ್ನು ಮಾತ್ರ, ಅನಂತರ ಇಡೀ ವಾಹನವನ್ನು, ಕೊನೆಗೆ ಹಿಂದಿನ ಗಾಲಿಗಳನ್ನು ಮಾತ್ರ ಏರಿಸಿ ಮೂರು ಬಾರಿ ತೂಗಿಸಬೇಕು. ಟ್ರೇಲರ್ ಜೋಡಿಸಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿದರೆ ಮೇಲೆ ಹೇಳಿದ ಅಂಕಿಗಳೆಲ್ಲ ನಮ್ಮ ವಾಹನಕ್ಕೇ ಸಂಬಂಧಿಸಿದಂತೆ ದೊರೆಯುತ್ತವೆ.

ಕೊಂಡಿಭಾರವನ್ನು ಮನೆಯಲ್ಲಿಯೇ ಅಳೆಯುವ ಉಪಾಯವೂ ಇದೆ. ಮನುಷ್ಯರನ್ನು ತೂಗುವ ಸಾಮಾನ್ಯ ತಕ್ಕಡಿಯ ಮೇಲೆ 150 ಕಿಲೋ ನೇರವಾಗಿ ಹೇರುವುದು ಸರಿಯಲ್ಲ. ಒಂದು ಗಟ್ಟಿಯಾದ ಮರದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ, ಇನ್ನೊಂದು ತುದಿಯನ್ನು ಅಷ್ಟೇ ಎತ್ತರದಲ್ಲಿರುವ ತಕ್ಕಡಿಯ ಮೇಲೂ ಇಡಬೇಕು. ಇಟ್ಟಿಗೆಯ ಕಡೆಯಿಂದ ಮೂರನೆಯ ಒಂದು ಭಾಗದ ದೂರದಲ್ಲಿ ಟ್ರೇಲರಿನ ಮೂತಿಯನ್ನು ಇಳಿಸಿದರೆ ತಕ್ಕಡಿ ನಿಜವಾದ ಭಾರದ ಮೂರನೆಯ ಒಂದು ಭಾಗವನ್ನು ತೋರಿಸುತ್ತದೆ. ತೊಲೆಯ ಸ್ವಂತ ತೂಕದಿಂದ ಮೊದಲೇ ತೋರಿದ ಅಂಕಿಯನ್ನು ಕಳೆದು ಮೂರರಿಂದ ಗುಣಿಸಿದರೆ ಕೊಂಡಿಭಾರ ತಿಳಿಯುತ್ತದೆ. ನೆಲ ಸಮವಾಗಿರಬೇಕು, ಟ್ರೇಲರಿನ ಗಾಲಿಗಳಿಗೆ ಮುಂದೆ ಹಿಂದೆ ಅಡ್ಡಗಲ್ಲು ಇಟ್ಟಿರಬೇಕು.

ಸ್ಪ್ರಿಂಗು ಎಷ್ಟು ಕುಗ್ಗುತ್ತದೆ?

ಹಿಂದಿನ ಎರಡೂ ಸ್ಪ್ರಿಂಗುಗಳು ಸೇರಿ ಒಂದು ಮಿಲಿಮೀಟರ್ ಕುಗ್ಗಲು 6 ಕಿ.ಗ್ರಾಂ. ಬೇಕೆಂದು ಭಾವಿಸೋಣ. ಕೊಂಡಿಯಿಂದ ಬಂದ 214 ಕಿ.ಗ್ರಾಂ. ಭಾರಕ್ಕೆ ಹಿಂಭಾಗ ಸುಮಾರು 36 ಮಿ.ಮೀ. ಇಳಿಯುತ್ತದೆ. ಡಿಕ್ಕಿಯಲ್ಲಿ 120 ಕಿ.ಗ್ರಾಂ. ಸಾಮಾನಿದ್ದರೆ ಮತ್ತೆ 20 ಮಿ.ಮೀ. ಒಟ್ಟು 56. ಬಂಪ್ ಸ್ಟಾಪಿಗೆ ತಾಗುವವರೆಗೆ ಮೊದಲು 90 ಮಿ.ಮೀ. ಅವಕಾಶವಿದ್ದರೆ ಈಗ ಉಳಿದದ್ದು 34 ಮಾತ್ರ. ಹಿಂದಿನ ಸೀಟು ಕುಕ್ಕುವ ರಹಸ್ಯ ಇಷ್ಟೇ.

ತೊನೆದಾಟದ ಕಾರಣ ಬೇರೆ. ಹಿಂಭಾಗದ ಸ್ಪ್ರಿಂಗುಗಳು ಹೊರುವ ಭಾರ 1,000 ಕಿ.ಗ್ರಾಂ. ಇದ್ದಾಗ ಅದು ನಿಮಿಷಕ್ಕೆ ಸುಮಾರು 73 ಬಾರಿ ಏರಿಳಿಯುವ ಸಹಜ ಗತಿಯುಳ್ಳದ್ದು. ಭಾರ 1,350 ಆದಾಗ ಆ ಗತಿ 63ಕ್ಕೆ ಇಳಿಯುತ್ತದೆ. ಜೊತೆಗೆ ಶಾಕ್ ಅಬ್ಸಾರ್ಬರಿನ ಹಿಡಿತವೂ ಅದೇ ಅನುಪಾತದಲ್ಲಿ, ಅಂದರೆ ಸುಮಾರು ನೂರಕ್ಕೆ 14ರಷ್ಟು ಸಡಿಲಗೊಳ್ಳುತ್ತದೆ. ಒಂದೇ ತೊನೆತಕ್ಕೆ ನಿಲ್ಲಬೇಕಾದ ವಾಹನ ಎರಡು ಮೂರು ಬಾರಿ ತೊನೆಯುತ್ತದೆ. ಶಾಕ್ ಅಬ್ಸಾರ್ಬರ್ ಹಳೆಯದಾಗಿದ್ದರಂತೂ ಕೇಳುವುದೇ ಬೇಡ.

ಪರಿಹಾರಗಳು, ಕ್ರಮವಾಗಿ

ಒಂದು: ಸಾಮಾನಿನ ಜೋಡಣೆ. ಇದಕ್ಕೆ ಖರ್ಚಿಲ್ಲ. ಭಾರವಾದ ವಸ್ತುಗಳನ್ನು ಟ್ರೇಲರಿನ ಅಚ್ಚಿನ ಮೇಲೆ, ಆದಷ್ಟು ಕೆಳಗೆ ಇಡಬೇಕು. ವಾಹನದೊಳಗೆ ಭಾರವಾದವು ಡಿಕ್ಕಿಯ ಬಾಗಿಲಿಗೆ ಒರಗದೆ ಸೀಟಿನ ಬೆನ್ನಿಗೆ ಒರಗಿರಬೇಕು. ಒಂದು ಲೀಟರ್ ನೀರು ಒಂದು ಕಿಲೋ. ನೀರಿನ ತೊಟ್ಟಿ ಅಚ್ಚಿಗಿಂತ ಮುಂದಿದ್ದರೆ ತುಂಬಿದಾಗ ಕೊಂಡಿಭಾರ ಹೆಚ್ಚುತ್ತದೆ, ಹಿಂದಿದ್ದರೆ ಕಡಿಮೆಯಾಗುತ್ತದೆ. ಎರಡೂ ಸ್ಥಿತಿಗಳಲ್ಲಿ ಅಳೆದು ನೋಡುವುದು ಒಳ್ಳೆಯದು.

ಎರಡು: ಟೈರಿನ ಗಾಳಿ. ಪೂರ್ಣ ಭಾರಕ್ಕೆ ಎಷ್ಟು ಗಾಳಿ ಬೇಕೆಂಬುದನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ತಯಾರಕರು ತಿಳಿಸಿರುತ್ತಾರೆ. ಹಿಂದಿನ ಟೈರುಗಳಿಗೆ ಆ ಪ್ರಮಾಣದಲ್ಲಿ ಗಾಳಿ ತುಂಬಿಸಿದರೆ ತೇಲಾಟ ಕೊಂಚ ತಗ್ಗುತ್ತದೆ. ಟ್ರೇಲರಿನ ಟೈರಿಗೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಹಾಕಿದರೆ ಅದು ಕುಪ್ಪಳಿಸಿ ಆ ಕುಪ್ಪಳಿಕೆಯನ್ನು ಕೊಂಡಿಯ ಮೂಲಕ ವಾಹನಕ್ಕೆ ದಾಟಿಸುತ್ತದೆ.

ಮೂರು: ಶಾಕ್ ಅಬ್ಸಾರ್ಬರ್. ದೂರು ಕುಗ್ಗುವುದಕ್ಕಿಂತ ತೊನೆದಾಟದ್ದೇ ಆಗಿದ್ದರೆ ಪರೀಕ್ಷೆ ಇಲ್ಲಿಂದಲೇ ಆರಂಭವಾಗಬೇಕು. ಎಣ್ಣೆ ಸೋರಿದ ಗುರುತು, ತುದಿಯ ರಬ್ಬರ್ ಬುಷ್ ಹರಿದಿರುವುದು, ಟೈರು ಅಲ್ಲಲ್ಲಿ ತಗ್ಗುದಿಣ್ಣೆಯಾಗಿ ಸವೆದಿರುವುದು ಇವು ಲಕ್ಷಣಗಳು. ಆಸ್ಟ್ರೇಲಿಯಾದ ಗಿಬ್ ರಿವರ್ ರಸ್ತೆಯಂತಹ, ಸುಮಾರು 660 ಕಿ.ಮೀ. ಉದ್ದದ, ಹೆಂಚು ಜೋಡಿಸಿದಂತೆ ಏರುತಗ್ಗಾಗಿರುವ ಮಣ್ಣಿನ ಹಾದಿಗಳಲ್ಲಿ ಎಡೆಬಿಡದ ಅಲುಗಾಟದಿಂದ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಇದಕ್ಕಾಗಿಯೇ ಒತ್ತಡದ ಅನಿಲ ತುಂಬಿದ ಶಾಕ್ ಅಬ್ಸಾರ್ಬರುಗಳು ಬಳಕೆಗೆ ಬಂದವು. ಅಂತಹ ಹಾದಿಯಲ್ಲಿ ಟೈರಿನ ಗಾಳಿ ತಗ್ಗಿಸಿ ವೇಗವನ್ನೂ ತಗ್ಗಿಸಿ, ನಡುನಡುವೆ ನಿಲ್ಲಿಸಿ ಆರಲು ಬಿಡುವುದೂ ಅಗತ್ಯ.

ನಾಲ್ಕು: ಗಡುಸಾದ ಸ್ಪ್ರಿಂಗು. ಆಸ್ಟ್ರೇಲಿಯಾದಲ್ಲಿ ಇದು ಬಹಳ ಪ್ರಚಲಿತ. 1975ರಲ್ಲಿ ಮೆಲ್ಬರ್ನಿನಲ್ಲಿ ಆರಂಭವಾದ ಎಆರ್‌ಬಿ ಸಂಸ್ಥೆಯ ಓಲ್ಡ್ ಮ್ಯಾನ್ ಎಮು ಮೊದಲಾದ ಹೆಸರುಗಳಲ್ಲಿ ಒಂದೇ ವಾಹನಕ್ಕೆ ಬೇರೆ ಬೇರೆ ಭಾರಗಳಿಗೆ ತಕ್ಕ ಸ್ಪ್ರಿಂಗುಗಳು ದೊರೆಯುತ್ತವೆ. ನಮ್ಮ ಉದಾಹರಣೆಯಲ್ಲಿ ನೂರಕ್ಕೆ 25ರಷ್ಟು ಗಡುಸಾದ ಸ್ಪ್ರಿಂಗು ಹಾಕಿದರೆ ಏನಾಗುವುದೆಂದು ನೋಡೋಣ. ಭಾರ ಹೇರಿದಾಗ ಏರಿಳಿತದ ಗತಿ ನಿಮಿಷಕ್ಕೆ 70. ಇದು ಮೂಲ ವಾಹನದ 73ಕ್ಕೆ ಸಮೀಪ, ಆದುದರಿಂದ ಹಿತಕರ. ಆದರೆ ಭಾರ ಇಳಿಸಿದಾಗ ಅದು 82ಕ್ಕೆ ಏರುತ್ತದೆ. ಅಂದರೆ ದಿನನಿತ್ಯ ಕಚೇರಿಗೆ, ಶಾಲೆಗೆ ಓಡಾಡುವಾಗ ವಾಹನ ಒರಟಾಗುತ್ತದೆ. ವರ್ಷವಿಡೀ ಭಾರ ಹೊರುವ ವಾಹನಕ್ಕೆ ಇದು ಸರಿ. ವರ್ಷಕ್ಕೆ ಎರಡು ಬಾರಿ ಟ್ರೇಲರ್ ಕಟ್ಟುವವರಿಗೆ ಅಲ್ಲ. ಇನ್ನೂ ಒಂದು ಎಚ್ಚರ ಬೇಕು. ಗಡುಸಾದ ಸ್ಪ್ರಿಂಗಿನ ಜೊತೆಗೆ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ, ಹೆಚ್ಚಿದ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಅದರ ಹಿಡಿತ ಮೂಲಕ್ಕಿಂತ ಸುಮಾರು ನೂರಕ್ಕೆ 23ರಷ್ಟು ಕಡಿಮೆಯಾಗುತ್ತದೆ. ಹಿಂಭಾಗ ಎತ್ತರವಾಗಿ ನಿಲ್ಲುತ್ತದೆ, ಆದರೆ ಕುಣಿತ ಹೆಚ್ಚುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು.

ಐದು: ಸ್ಪ್ರಿಂಗಿನೊಳಗಿನ ಗಾಳಿಚೀಲ. ಕಾಯಿಲ್ ಸ್ಪ್ರಿಂಗಿನ ಟೊಳ್ಳಿನಲ್ಲಿ ಕೂರುವ ಪಾಲಿಯುರೆಥೇನಿನ ಚೀಲವಿದು. ಅಮೆರಿಕದ ಏರ್ ಲಿಫ್ಟ್, ಫೈರ್‌ಸ್ಟೋನ್ ಮೊದಲಾದ ಸಂಸ್ಥೆಗಳು ಇವನ್ನು ತಯಾರಿಸುತ್ತವೆ. ಏರ್ ಲಿಫ್ಟ್ 1000 ಎಂಬ ಮಾದರಿಗೆ 5ರಿಂದ 35 ಪಿಎಸ್‌ಐ ಗಾಳಿ ಸಾಕು. ಟೈರಿಗೆ ತುಂಬುವ ಪಂಪಿನಿಂದಲೇ ತುಂಬಬಹುದು. ಟ್ರೇಲರ್ ಕಟ್ಟಿದಾಗ ತುಂಬಿಸಿ, ಬಿಚ್ಚಿದಾಗ ಕನಿಷ್ಠ ಮಟ್ಟಕ್ಕೆ ಇಳಿಸಿದರೆ ವಾಹನ ಮೊದಲಿನ ಮೃದುತ್ವಕ್ಕೆ ಮರಳುತ್ತದೆ. ಅಪರೂಪಕ್ಕೆ ಟ್ರೇಲರ್ ಎಳೆಯುವ ಕುಟುಂಬಕ್ಕೆ ಇದೇ ಅನುಕೂಲಕರವೆಂದು ನಮ್ಮ ಅಭಿಪ್ರಾಯ. ಆದರೆ ಗಾಳಿಯನ್ನು ಪೂರ್ತಿ ತೆಗೆಯಬಾರದು. ಸುರುಳಿಗಳ ನಡುವೆ ಚೀಲ ಸಿಕ್ಕಿ ಸವೆಯುತ್ತದೆ. ಹೊಗೆ ಕೊಳವೆಯ ಶಾಖದಿಂದ ದೂರವಿರಬೇಕು.

ಲೀಫ್ ಸ್ಪ್ರಿಂಗಿನ ವಾಹನಗಳಿಗೆ ಅಚ್ಚಿಗೂ ಚಾಸಿಗೂ ನಡುವೆ ನಿಲ್ಲಿಸುವ ಗಾಳಿಚೀಲಗಳೂ ಉಂಟು. ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಲೀಫ್ ಸ್ಪ್ರಿಂಗು ಭಾರವನ್ನು ತನ್ನ ಎರಡು ತುದಿಗಳ ಮೂಲಕ ಚಾಸಿನ ಎರಡು ಕಡೆಗೆ ಹಂಚುತ್ತದೆ. ನಡುವೆ ನಿಂತ ಚೀಲ ಅದೇ ಭಾರವನ್ನು ಒಂದೇ ಬಿಂದುವಿನಲ್ಲಿ ಮೇಲಕ್ಕೆ ಒತ್ತುತ್ತದೆ. ಅದರ ಹಿಂದೆ ಉದ್ದಕ್ಕೆ ಚಾಚಿದ ಭಾಗದ ಮೇಲೆ ಅತಿಭಾರವೂ ಕೊಂಡಿಭಾರವೂ ಇದ್ದು ರಸ್ತೆಯೂ ಕೆಟ್ಟದಾಗಿದ್ದರೆ ಚಾಸಿಯೇ ಬಾಗಿಹೋಗಬಹುದು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಪಿಕಪ್ ವಾಹನಗಳಿಗೆ ಹೀಗಾದ ಪ್ರಸಂಗಗಳಿವೆ. ಕಾಯಿಲಿನೊಳಗೆ ಕುಳಿತ ಚೀಲ ಸ್ಪ್ರಿಂಗು ಒತ್ತುವ ಸ್ಥಳದಲ್ಲಿಯೇ ಒತ್ತುವುದರಿಂದ ಅಲ್ಲಿ ಈ ಭೀತಿ ಕಡಿಮೆ.

ಆರು: ಭಾರ ಹಂಚುವ ಕೊಂಡಿ. ಇದುವರೆಗೆ ಹೇಳಿದ ಸ್ಪ್ರಿಂಗು, ಗಾಳಿಚೀಲಗಳು ಹಿಂಭಾಗವನ್ನು ಎತ್ತುತ್ತವೆ. ಆದರೆ ಮುಂದಿನ ಗಾಲಿಗಳು ಕಳೆದುಕೊಂಡ 64 ಕಿ.ಗ್ರಾಂ. ಅನ್ನು ಹಿಂದಿರುಗಿಸುವುದಿಲ್ಲ. ಏತದ ಲೆಕ್ಕ ಎತ್ತರವನ್ನು ಅವಲಂಬಿಸಿಲ್ಲ. ಅದನ್ನು ಹಿಂದಿರುಗಿಸುವ ಸಾಧನವೆಂದರೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂಬ ಕೊಂಡಿ. ಇದರಲ್ಲಿ ಕೊಂಡಿಯಿಂದ ಟ್ರೇಲರಿನ ಕಡೆಗೆ ಚಾಚಿದ ಎರಡು ಉಕ್ಕಿನ ಸರಳುಗಳನ್ನು ಸರಪಳಿಯಿಂದ ಬಿಗಿದಾಗ, ಕೈಗಾಡಿಯ ಹಿಡಿಯನ್ನು ಮೇಲೆತ್ತಿದಂತೆ, ಭಾರದ ಒಂದು ಪಾಲು ವಾಹನದ ಮುಂದಿನ ಗಾಲಿಗಳಿಗೂ ಇನ್ನೊಂದು ಪಾಲು ಟ್ರೇಲರಿನ ಗಾಲಿಗಳಿಗೂ ಹೋಗುತ್ತದೆ. ಆದರೆ ಒರಟು ಹಾದಿಯಲ್ಲಿ ಇಳಿದೇರುವಾಗ ಈ ಸರಳುಗಳನ್ನು ತೆಗೆದಿಡಬೇಕು. ಕೆಲವು ವಾಹನಗಳಿಗೆ ತಯಾರಕರೇ ಇದು ಸಲ್ಲದೆನ್ನುತ್ತಾರೆ. ಒರಟು ಹಾದಿಗೆಂದೇ ಮಾಡಿದ ಎಲ್ಲ ದಿಕ್ಕಿಗೂ ತಿರುಗುವ ಕೊಂಡಿಗಳಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಹಗುರವಾದ ಕ್ಯಾಂಪರ್ ಟ್ರೇಲರಿಗೆ ಇದರ ಅಗತ್ಯ ಬಾರದು. ಭಾರವಾದ ಕ್ಯಾರವಾನಿಗೆ ವಿಚಾರಿಸತಕ್ಕದ್ದು.

ಏಳು: ತಾನಾಗಿ ಸಮಗೊಳ್ಳುವ ವ್ಯವಸ್ಥೆ. 1970ರ ಮೊದಲ ರೇಂಜ್ ರೋವರಿನ ಹಿಂದಿನ ಅಚ್ಚಿನ ಮೇಲೆಯೇ ರಸ್ತೆಯ ಅಲುಗಾಟದಿಂದ ತನ್ನಷ್ಟಕ್ಕೆ ಒತ್ತಡ ಪಡೆದು ಎತ್ತರ ಕಾಯ್ದುಕೊಳ್ಳುವ ಬೋಗೆ ಸಂಸ್ಥೆಯ ಸಾಧನವಿತ್ತು. ಇಂದು ಅನೇಕ ದುಬಾರಿ ವಾಹನಗಳಲ್ಲಿ ಕಾರ್ಖಾನೆಯಿಂದಲೇ ಗಾಳಿಯ ಸಸ್ಪೆನ್ಷನ್ ಬರುತ್ತದೆ. ಇವುಗಳಿಗೆ ಬೇರೆ ಚೀಲ, ಸ್ಪ್ರಿಂಗು ಸೇರಿಸಲು ಹೋಗದೆ ಕೈಪಿಡಿಯನ್ನು ಅನುಸರಿಸುವುದೇ ಲೇಸು.

ಎತ್ತರ ಬೇರೆ, ಮಿತಿ ಬೇರೆ

ಇಷ್ಟೆಲ್ಲ ಮಾಡಿದ ಮೇಲೆ ವಾಹನ ನೇರವಾಗಿ ನಿಂತಿತೆಂದು ಇನ್ನಷ್ಟು ಭಾರ ಹೇರುವ ಮನಸ್ಸಾಗುವುದು ಮನುಷ್ಯ ಸಹಜ. ಚೆಕ್ ಪುಸ್ತಕದ ಹಾಳೆಗಳು ಹೆಚ್ಚಿದರೆ ಖಾತೆಯ ಹಣ ಹೆಚ್ಚುವುದಿಲ್ಲ. ಹಾಗೆಯೇ ಗಾಳಿಚೀಲದಿಂದ ಅಚ್ಚು, ಬೇರಿಂಗ್, ಟೈರು, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ. ತಯಾರಕರ ಮಿತಿ ಮೊದಲಿನಷ್ಟೇ ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಮಿತಿಯನ್ನೇ ಅಧಿಕೃತವಾಗಿ ಹೆಚ್ಚಿಸಿಕೊಳ್ಳುವ ವ್ಯವಸ್ಥೆಯಿದೆ. ಅದಕ್ಕೆ ಪ್ರಮಾಣಪತ್ರ ಬೇಕು. ಅಲ್ಲಿ 750 ಕಿ.ಗ್ರಾಂ. ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು, 2,000 ಕಿ.ಗ್ರಾಂ. ಮೀರಿದರೆ ಎಲ್ಲ ಗಾಲಿಗಳಿಗೂ ಬ್ರೇಕ್ ಬೇಕು, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಾಕಿಕೊಳ್ಳುವ ಏರ್ಪಾಡೂ ಬೇಕು.

ಭಾರತದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ ವ್ಯಾಖ್ಯೆಯಂತೆ ಟ್ರೇಲರ್ ಕೂಡ ಮೋಟಾರು ವಾಹನವೇ. ಅದೇ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಇಲ್ಲಿ ಯಾವುದೇ ಬದಲಾವಣೆಗೆ ಮೊದಲು ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿ ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಬಾಯಿಮಾತಿನ ಭರವಸೆ ಕ್ಲೇಮಿನ ಕಡತದಲ್ಲಿ ನಿಲ್ಲುವುದಿಲ್ಲ.

ಟ್ರೇಲರ್ ತೂಗಾಡತೊಡಗಿದರೆ

ಎಷ್ಟೇ ಸಿದ್ಧತೆಯಿದ್ದರೂ ಅಡ್ಡಗಾಳಿಯಿಂದ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಗುವುದರಿಂದ ಟ್ರೇಲರ್ ಎಡಬಲಕ್ಕೆ ತೂಗಾಡಬಹುದು. ವೇಗ ಹೆಚ್ಚಿದಷ್ಟೂ ಈ ತೂಗಾಟ ತಾನಾಗಿ ಅಡಗುವ ಗುಣ ಕಡಿಮೆ. ಆಗ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ಸ್ಟಿಯರಿಂಗನ್ನು ನೇರವಾಗಿ ಹಿಡಿದಿರಬೇಕು. ವಾಹನದ ಬ್ರೇಕನ್ನು ಜೋರಾಗಿ ಒತ್ತಬಾರದು. ಟ್ರೇಲರಿಗೆ ವಿದ್ಯುತ್ ಬ್ರೇಕ್ ಇದ್ದು ಅದರ ಗುಂಡಿ ಚಾಲಕನ ಬಳಿ ಇದ್ದರೆ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಅನಂತರ ನಿಲ್ಲಿಸಿ ಸಾಮಾನಿನ ಜೋಡಣೆಯನ್ನು ಮತ್ತೆ ಪರೀಕ್ಷಿಸದೆ ಮುಂದೆ ಹೋಗಬಾರದು.

ಊರಿಗೆ ಹೋಗುವ ನಮ್ಮ ವಾಹನಗಳು

ಟ್ರೇಲರಿನ ಗೊಡವೆಯೇ ಇಲ್ಲದ ನಮ್ಮ ಓದುಗರಿಗೂ ಈ ಲೆಕ್ಕ ಬೇಕಾಗುತ್ತದೆ. ಮುಂಬಯಿಯಿಂದ ಉಡುಪಿ, ಮಂಗಳೂರಿನ ಕಡೆಗೆ ಸುಮಾರು 900 ಕಿ.ಮೀ. ದಾರಿ. ಚೌತಿಗೋ ಬೇಸಿಗೆಯ ರಜೆಗೋ ಹೊರಟ ವಾಹನದಲ್ಲಿ ಮೂರನೆಯ ಸಾಲಿನ ಸೀಟು ಹೆಚ್ಚುಕಡಿಮೆ ಹಿಂದಿನ ಅಚ್ಚಿನ ಮೇಲೆಯೇ ಇರುತ್ತದೆ. ಅದರ ಹಿಂದೆ ಸೂಟ್‌ಕೇಸುಗಳು, ಮರಳುವಾಗ ತೆಂಗಿನಕಾಯಿ, ಕುಚ್ಚಲಕ್ಕಿಯ ಮೂಟೆ, ಹಲಸಿನಹಣ್ಣು. ಅಚ್ಚಿನ ಹಿಂದೆ ಇಟ್ಟ ಪ್ರತಿಯೊಂದು ಕಿಲೋ ಕೂಡ ಕೊಂಡಿಭಾರದಂತೆಯೇ ಹಿಂದಿನ ಗಾಲಿಗಳನ್ನು ಒತ್ತಿ ಮುಂದಿನ ಗಾಲಿಗಳನ್ನು ಹಗುರಗೊಳಿಸುತ್ತದೆ. ಮೂತಿ ಮೇಲೆದ್ದ ವಾಹನದ ದೀಪ ಎದುರಿನವರ ಕಣ್ಣಿಗೆ ರಾಚುತ್ತದೆ. ದೀಪದ ಎತ್ತರ ತಗ್ಗಿಸುವ ಸಣ್ಣ ಚಕ್ರವೊಂದು ಅನೇಕ ವಾಹನಗಳ ಡ್ಯಾಷ್‌ಬೋರ್ಡಿನಲ್ಲಿ ಇರುತ್ತದೆ; ಘಾಟಿಯ ರಸ್ತೆಗೆ ಇಳಿಯುವ ಮೊದಲು ಅದನ್ನು ಬಳಸಬೇಕು.

ಕ್ವಾಲಿಸ್, ಸುಮೊ, ಬೊಲೇರೊಗಳ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗು; ಇನ್ನೋವಾ ಕ್ರಿಸ್ಟಾ, ಫಾರ್ಚೂನರ್‌ಗಳಲ್ಲಿ ಕಾಯಿಲ್ ಸ್ಪ್ರಿಂಗು. ಕಾಯಿಲಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರಿನ ಬಳೆಗಳನ್ನು ಬಿಡಿಭಾಗಗಳ ಅಂಗಡಿಗಳಲ್ಲಿ ಧಾರಾಳವಾಗಿ ಮಾರುತ್ತಾರೆ. ಇವು ಒಂದೆರಡು ಸುತ್ತುಗಳನ್ನು ಕೆಲಸ ಮಾಡದಂತೆ ತಡೆದು ಸ್ಪ್ರಿಂಗನ್ನು ಗಡುಸುಗೊಳಿಸುತ್ತವೆ. ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಗಾಳಿಚೀಲದಂತೆ ಇವನ್ನು ಬೇಕೆಂದಾಗ ಸಡಿಲಿಸಲೂ ಬಾರದು. ನಮ್ಮ ಸಲಹೆ ಇಷ್ಟೇ: ಇವುಗಳಿಗೆ ಹಣ ಕೊಡುವ ಮೊದಲು ಶಾಕ್ ಅಬ್ಸಾರ್ಬರುಗಳನ್ನು ಪರೀಕ್ಷಿಸಿ, ಟೈರಿನ ಗಾಳಿ ಸರಿಪಡಿಸಿ, ಎರಡು ಮೂಟೆ ಕಡಿಮೆ ಮಾಡಿ. ಕುಚ್ಚಲಕ್ಕಿ ಪಾರ್ಸೆಲಿನಲ್ಲಿಯೂ ಬರುತ್ತದೆ.

ಹೊರಡುವ ಹಿಂದಿನ ದಿನ ಮಾಡಬೇಕಾದ ಕೆಲಸವೊಂದಿದೆ. ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಸಾಮಾನು ತುಂಬಿ, ಜನ ಕುಳಿತ ಮೇಲೆ ಮತ್ತೊಮ್ಮೆ ಅಳೆಯಿರಿ. ಹಿಂದೆ ಎಷ್ಟು ಇಳಿಯಿತೆಂಬುದನ್ನು ಎಲ್ಲರೂ ನೋಡುತ್ತಾರೆ. ಮುಂದೆ ಎಷ್ಟು ಏರಿತೆಂಬುದನ್ನು ತಪ್ಪದೆ ನೋಡಿ. ಟ್ರೇಲರ್ ಇರುವವರು ಅದನ್ನು ಜೋಡಿಸಿ ಮೂರನೆಯ ಬಾರಿ ಅಳೆಯಬೇಕು. ಐದು ನಿಮಿಷದ ಈ ಅಳತೆ ಯಾವ ಗ್ಯಾರೇಜಿನ ಮಾತಿಗಿಂತಲೂ ಸ್ಪಷ್ಟವಾಗಿ ನಮ್ಮ ವಾಹನಕ್ಕೆ ಏನು ಬೇಕೆಂಬುದನ್ನು ತಿಳಿಸುತ್ತದೆ. ವಿದೇಶದಲ್ಲಿರುವ ಮಕ್ಕಳೊಡನೆ ಮುಂದಿನ ಬಾರಿ ಫೋನಿನಲ್ಲಿ ಮಾತಾಡುವಾಗ ಹಿರಿಯರು ಕೊಂಡಿಭಾರದ ವಿಷಯವನ್ನು ಒಮ್ಮೆ ಕೇಳಲಿ. ಎಲ್ಲರ ಪ್ರಯಾಣವೂ ಸುಖಕರವಾಗಲೆಂದು ಹಾರೈಸುತ್ತೇವೆ.